ಕೂಸು ಹುಟ್ಟುವ ಮುನ್ನ ಕುಲಾವಿ

ಈ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಂಡ ಹಳೆಯ ವಿದ್ಯಾರ್ಥಿನಿಯರೂ ಪೋಷಕ ಮಹಾಶಯರೂ ಇದರಲ್ಲಿ ವಿಡಿಯೋ ಆಟವನ್ನು ಕುರಿತ ಲೇಖನವೊಂದನ್ನು ಕಂಡು ಆಶ್ಚರ್ಯಪಡಬಹುದು. ವ್ಯಾಸಂಗ, ನಡತೆ, ಆರೋಗ್ಯ, ಗೃಹಕೃತ್ಯ ಮೊದಲಾದವುಗಳನ್ನು ಕುರಿತು ಬರೆಯಬೇಕಾದ ಮುಖ್ಯೋಪಾಧ್ಯಾಯಿನಿಗೆ ಆಟದ ಗೊಡವೆ ಯಾತಕ್ಕೆಂದು ಕೇಳುವವರೂ ಉಂಟು. ಮಕ್ಕಳ ಮನಸ್ಸು ಎಲ್ಲಿರುವುದೋ ಅಲ್ಲಿಗೆ ಉಪಾಧ್ಯಾಯಿನಿಯೂ ಹೋಗಿ ನೋಡಿಬರಬೇಕೆಂಬುದೇ ನಮ್ಮ ಉತ್ತರ. ಉಯ್ಯಂಬಳ್ಳಿಯಂಥ ಹೋಬಳಿಯ ಊರಿಗೂ ಮೊಬೈಲು ಬಂದು ಬಹಳ ಕಾಲವಾಯಿತು. ಆಕಾಶಯಾನದ ಹೊಸ ಆಟವೊಂದು ಬರಲಿದೆಯೆಂಬ ಸುದ್ದಿಯು ಲಂಡನ್ನಿನ ಮಗುವಿಗೆ ಯಾವ ಗಳಿಗೆಯಲ್ಲಿ ಮುಟ್ಟುವುದೋ ಕನಕಪುರ ಸೀಮೆಯ ಮಗುವಿಗೂ ಅದೇ ಗಳಿಗೆಯಲ್ಲಿ ಮುಟ್ಟುತ್ತದೆ. ಆಟವಾದರೋ ಇನ್ನೂ ಸಿದ್ಧವಾಗಿರುವುದಿಲ್ಲ. ಅದರ ಸ್ತೋತ್ರವು ಮಾತ್ರ ಆಗಲೇ ಊರೆಲ್ಲಾ ತುಂಬಿರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ನಮ್ಮ ಹಿರಿಯರ ಗಾದೆಗೆ ಇದಕ್ಕಿಂತ ಒಪ್ಪುವ ನಿದರ್ಶನವು ದೊರೆಯಲಾರದು.

ಇಂಥ ಆಟಗಳು ಕೆಟ್ಟವೆಂದು ಸಾರುವುದು ನಮ್ಮ ಉದ್ದೇಶವಲ್ಲ. ಗ್ರಹದಿಂದ ಗ್ರಹಕ್ಕೆ ಹಾರುವುದು, ಯಾರೂ ಕಾಣದ ಬೆಟ್ಟಕ್ಕೆ ಹೆಸರಿಡುವುದು, ದಿಕ್ಕು ತಪ್ಪಿದಾಗ ನಕ್ಷೆಯನ್ನು ನೋಡಿ ದಾರಿ ಹುಡುಕುವುದು, ಇವುಗಳಲ್ಲಿ ಮಗುವಿನ ಬುದ್ಧಿಯನ್ನು ಎಬ್ಬಿಸುವ ಶಕ್ತಿಯುಂಟು. ಹೆಣ್ಣುಮಕ್ಕಳಿಗೆ ಆಕಾಶದ ಆಟವು ಯಾತಕ್ಕೆ ಎಂಬ ಮಾತನ್ನಂತೂ ನಾವು ಎಷ್ಟು ಮಾತ್ರಕ್ಕೂ ಒಪ್ಪೆವು. ನಮ್ಮ ಹುಡುಗಿಯರಲ್ಲಿ ಅನೇಕರಿಗೆ ಆ ಆಟಗಳನ್ನು ನಡೆಸತಕ್ಕ ಯಂತ್ರವು ಮನೆಯಲ್ಲಿಲ್ಲ. ಬೇರೆಯವರು ಆಡುವುದನ್ನು ಅವರು ಯೂಟ್ಯೂಬಿನಲ್ಲಿ ನೋಡಿ ತೃಪ್ತಿಪಡುವರು. ಹಾಗೆ ನೋಡುವ ಹುಡುಗಿಯೂ ಹಂಬಲಿಸುವಳು, ಲೆಕ್ಕ ಹಾಕುವಳು, ಅಪ್ಪನನ್ನು ಕಾಡುವಳು, ಆಟವು ಬಂದ ಮೇಲೆ ಹೀಗಿದೆಯೇ ಎಂದು ವ್ಯಸನಪಡುವಳು. ಆದಕಾರಣ ನಾವು ಇಲ್ಲಿ ವಿಚಾರಿಸಬೇಕೆಂದಿರುವ ಸಂಗತಿಯು ಒಂದೇ. ಇನ್ನೂ ಬಾರದ ವಸ್ತುವನ್ನು ಎಷ್ಟು ನಂಬಬೇಕು, ನಂಬಿದಷ್ಟು ದೊರೆಯದ ದಿನ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮಕ್ಕಳಿಗೆ ನಾವು ಕಲಿಸುತ್ತಿರುವೆವೋ ಇಲ್ಲವೋ?

ಇದಕ್ಕೆ ಲೋಕಪ್ರಸಿದ್ಧವಾದ ಒಂದು ಉದಾಹರಣೆಯುಂಟು. ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಪಟ್ಟಣದ ಹೆಲೋ ಗೇಮ್ಸ್ ಎಂಬ ಚಿಕ್ಕ ಸಂಸ್ಥೆಯು 2013ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಎಂಬ ತನ್ನ ಆಟದ ಚಿಕ್ಕದೊಂದು ಚಿತ್ರವನ್ನು ಲೋಕಕ್ಕೆ ತೋರಿಸಿತು. ನೀರಿನ ಆಳದಿಂದ ಮೇಲೆದ್ದ ಆಟಗಾರನು ನೆಲಕ್ಕೆ ಬಂದು, ನೌಕೆಯನ್ನೇರಿ, ಮೋಡಗಳನ್ನು ದಾಟಿ, ಎಲ್ಲಿಯೂ ತಡೆಯಿಲ್ಲದೆ ಅಂತರಿಕ್ಷಕ್ಕೆ ಹಾರಿದನು. ಕಂಡವರೆಲ್ಲರೂ ಬೆರಗಾದರು. ಈ ಆಟದೊಳಗಿನ ಗ್ರಹಗಳ ಸಂಖ್ಯೆಯು 18,446,744,073,709,551,616 ಎಂದು ಪ್ರಕಟವಾಯಿತು. ಗ್ರಹವೊಂದಕ್ಕೆ ಒಂದೇ ಸೆಕೆಂಡನ್ನು ಕೊಡುತ್ತ ಹೋದರೂ ಎಲ್ಲವನ್ನೂ ನೋಡಿ ಮುಗಿಸಲು 58,000 ಕೋಟಿ ವರ್ಷಗಳಿಗೆ ಮೇಲ್ಪಟ್ಟ ಕಾಲವು ಬೇಕು. ನಾವು ವಾಸಿಸುವ ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷಗಳೆಂದು ವಿಜ್ಞಾನಿಗಳು ಹೇಳುವಾಗ, ಈ ಸಂಖ್ಯೆಯನ್ನು ಕೇಳಿದ ಹುಡುಗ ಹುಡುಗಿಯರ ತಲೆ ತಿರುಗಿದ್ದು ಸೋಜಿಗವಲ್ಲ.

ಆ ಸಂಖ್ಯೆಯು ಸುಳ್ಳಾಗಿರಲಿಲ್ಲ. ಆದರೆ ಅದರ ಅರ್ಥವನ್ನು ಕೇಳಿ ತಿಳಿದುಕೊಂಡವರು ಸ್ವಲ್ಪವೇ ಮಂದಿ. 2 ಎಂಬ ಅಂಕಿಯನ್ನು 64 ಸಲ ಬರೆದು ಒಂದರಿಂದ ಒಂದನ್ನು ಗುಣಿಸಿದರೆ ಬರುವ ಲಬ್ಧವೇ ಅದು. ಅಷ್ಟು ಗ್ರಹಗಳನ್ನು ಯಾರೂ ಕುಳಿತು ಒಂದೊಂದಾಗಿ ಚಿತ್ರಿಸಿರಲಿಲ್ಲ. ಗಣಕಯಂತ್ರಕ್ಕೆ ಕೆಲವು ಸೂತ್ರಗಳನ್ನು ಕೊಟ್ಟಿದ್ದರು. ಆಟಗಾರನು ಒಂದು ಗ್ರಹದ ಬಳಿಗೆ ಹೋದಾಗ ಆ ಗ್ರಹದ ಅಂಕಿಗೆ ತಕ್ಕಂತೆ ಬೆಟ್ಟ, ಬಣ್ಣ, ಗಿಡ, ಪ್ರಾಣಿಗಳನ್ನು ಯಂತ್ರವು ಆಗಲೇ ಹೊಂದಿಸಿ ಕೊಡುವುದು. ಇದು ನಮ್ಮ ಹೆಣ್ಣುಮಕ್ಕಳಿಗೆ ಅರಿಯದ ವಿದ್ಯೆಯೇನೂ ಅಲ್ಲ. ಚುಕ್ಕಿಯ ರಂಗೋಲಿಯಲ್ಲಿ ನಿಯಮಗಳು ಕೆಲವೇ. ಅವುಗಳಿಂದ ಹುಟ್ಟುವ ಚಿತ್ರಗಳಿಗೆ ಲೆಕ್ಕವಿಲ್ಲ. ಹೀಗಿದ್ದರೂ ನೂರು ಬಾಗಿಲುಗಳ ರಂಗೋಲಿಯನ್ನು ನೋಡಿ ಬಂದವಳ ಕಣ್ಣಿಗೆ ನೂರೊಂದನೆಯದರಲ್ಲಿ ಹಳೆಯ ಎಳೆಗಳ ಗುರುತು ಸಿಕ್ಕಿಯೇ ಸಿಗುವುದು. ಸಂಖ್ಯೆಯು ದೊಡ್ಡದಾದ ಮಾತ್ರಕ್ಕೆ ವೈವಿಧ್ಯವೂ ಅಷ್ಟೇ ದೊಡ್ಡದಾಗಬೇಕೆಂಬ ನಿಯಮವಿಲ್ಲ. ಇಷ್ಟನ್ನು ಒಬ್ಬ ಗಣಿತದ ಉಪಾಧ್ಯಾಯಿನಿಯು ಅರ್ಧ ಗಂಟೆಯಲ್ಲಿ ತಿಳಿಸಿಕೊಟ್ಟಿದ್ದರೆ ಎಷ್ಟೋ ಮಕ್ಕಳ ನಿರಾಶೆಯು ತಪ್ಪುತ್ತಿತ್ತು.

ಮುಂದೆ ನಡೆದುದನ್ನು ಕೇಳಿರಿ. 2016ನೆಯ ಇಸವಿ ಜೂನ್ ತಿಂಗಳಲ್ಲಿ ಬರಬೇಕಾಗಿದ್ದ ಆ ಆಟವು ಆಗಸ್ಟಿಗೆ ಮುಂದಕ್ಕೆ ಹೋಯಿತು. ಎರಡು ತಿಂಗಳು ಕೂಡ ತುಂಬದ ಈ ವಿಳಂಬಕ್ಕಾಗಿ ಆಟದ ಮುಖ್ಯ ನಿರ್ಮಾಪಕರಾದ ಶಾನ್ ಮರೇ ಎಂಬವರಿಗೆ ಕೊಲೆಯ ಬೆದರಿಕೆಗಳು ಬಂದವು. ವಿಳಂಬದ ಸುದ್ದಿಯನ್ನು ಮೊದಲು ಬರೆದ ಪತ್ರಕರ್ತರಿಗೂ ಬಂದವು. ಆಟಕ್ಕಾಗಿ ಕಾಯುತ್ತಿದ್ದವರೇ, ಅದನ್ನು ಪ್ರೀತಿಸುತ್ತಿದ್ದೇವೆಂದು ಹೇಳುತ್ತಿದ್ದವರೇ ಹೀಗೆ ಬರೆದರೆಂಬುದನ್ನು ನಮ್ಮ ವಾಚಕರು ಗಮನಿಸಬೇಕು. ಕಡೆಗೆ ಆಗಸ್ಟಿನಲ್ಲಿ ಆಟವು ಬಿಡುಗಡೆಯಾಯಿತು. ಒಂದೇ ಲೋಕದಲ್ಲಿ ಆಟಗಾರರು ಪರಸ್ಪರ ಭೇಟಿಯಾಗಬಹುದೆಂದೂ, ಲೋಕವು ಅಪಾರವಾದ್ದರಿಂದ ಅದು ಬಹು ಅಪರೂಪವೆಂದೂ ನಿರ್ಮಾಪಕರು ಮುಂಚೆ ಹೇಳಿದ್ದುಂಟು. ಬಿಡುಗಡೆಯಾದ ಸ್ವಲ್ಪದರಲ್ಲಿಯೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಸ್ಥಳಕ್ಕೆ ಹೋಗಿ ನಿಂತರು. ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳಲೇ ಇಲ್ಲ. ಚಿತ್ರದಲ್ಲಿ ತೋರಿಸಿದ್ದ ಮತ್ತೂ ಕೆಲವು ಸಂಗತಿಗಳು ಆಟದೊಳಗೆ ಸಿಕ್ಕಲಿಲ್ಲ. ಹೊಗಳಿದ ಬಾಯಿಗಳೇ ಬೈದವು. ಜಾಹೀರಾತು ಮೋಸಗೊಳಿಸಿತೆಂದು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಮಂಡಲಿಗೆ ದೂರುಗಳು ಹೋದವು; ಆ ಮಂಡಲಿಯು ವಿಚಾರಣೆ ನಡೆಸಿ 2016ರ ನವೆಂಬರಿನಲ್ಲಿ ಜಾಹೀರಾತಿನಲ್ಲಿ ನಿಯಮಭಂಗವಿಲ್ಲವೆಂದು ತೀರ್ಮಾನಿಸಿತು.

ಈ ಪ್ರಕರಣದಲ್ಲಿ ತಪ್ಪು ಯಾರದು? ಇನ್ನೂ ಕೈಗೂಡದಿರುವುದನ್ನು ಕೈಗೂಡಿದಂತೆ ಮಾತನಾಡುವುದು ಮಾರುವವರ ದೋಷ. ಆ ದೋಷವನ್ನು ನಾವು ಮುಚ್ಚಿಡಲಾರೆವು. ಆದರೆ ಹೇಳಿದ್ದು ಒಂದು ಪಾಲಾದರೆ ಕೇಳಿದವರು ಊಹಿಸಿಕೊಂಡದ್ದು ಮೂರು ಪಾಲು. ನೌಕೆಯನ್ನು ಕಂಡವನು ಯುದ್ಧವನ್ನು ಊಹಿಸಿದನು, ಪ್ರಾಣಿಯನ್ನು ಕಂಡವನು ಅದನ್ನು ಸಾಕಬಹುದೆಂದು ಊಹಿಸಿದನು, ಒಬ್ಬನ ಊಹೆಯು ಇನ್ನೊಬ್ಬನ ಬಾಯಲ್ಲಿ ಸುದ್ದಿಯಾಯಿತು, ಮೂರನೆಯವನ ಬಾಯಲ್ಲಿ ವಾಗ್ದಾನವೇ ಆಯಿತು. ಯಾರೂ ಕೊಡದ ಮಾತನ್ನು ಮುರಿದರೆಂದು ಕೋಪಿಸಿಕೊಳ್ಳುವ ವಿಚಿತ್ರ ಸ್ಥಿತಿಯು ಹೀಗೆ ಉಂಟಾಗುತ್ತದೆ. ಇದು ಆಟಗಳಲ್ಲಿ ಮಾತ್ರ ನಡೆಯುವುದೆಂದು ತಿಳಿಯಬಾರದು. ಮದುವೆಯ ಮಾತುಕತೆಗಳಲ್ಲಿ, ಚುನಾವಣೆಗಳಲ್ಲಿ, ಊರಿಗೆ ರಸ್ತೆ ಬರುವುದೆಂಬ ಸುದ್ದಿಯಲ್ಲಿ ನಾವೆಲ್ಲರೂ ಇದನ್ನು ಕಂಡವರೇ.

ಆ ಸಂಸ್ಥೆಯವರು ಮುಂದೆ ಮಾಡಿದ್ದು ನಮ್ಮ ಹುಡುಗಿಯರಿಗೆ ಹೇಳತಕ್ಕದ್ದಾಗಿದೆ. ಬೈಗುಳಕ್ಕೆ ಬೈಗುಳವನ್ನು ಹಿಂದಿರುಗಿಸದೆ ಅವರು ಮೌನವಾಗಿ ಕೆಲಸಕ್ಕೆ ಕುಳಿತರು. 2016ರ ನವೆಂಬರಿನಲ್ಲಿ ಆಟಕ್ಕೆ ಮೊದಲನೆಯ ದೊಡ್ಡ ಪರಿಷ್ಕರಣವು ಬಂದಿತು. ಅದರ ತರುವಾಯ ಒಂದಾದ ಮೇಲೊಂದರಂತೆ ಪರಿಷ್ಕರಣಗಳು ಬರುತ್ತಲೇ ಹೋದವು. ಇವುಗಳಿಗಾಗಿ ಹಳೆಯ ಆಟಗಾರರಿಂದ ಒಂದು ಕಾಸನ್ನೂ ಕೇಳಲಿಲ್ಲ. 2018ರ ಜುಲೈ ತಿಂಗಳ ಪರಿಷ್ಕರಣದಿಂದ ಆಟಗಾರರು ಒಬ್ಬರನ್ನೊಬ್ಬರು ಕಂಡು ಕೂಡಿ ಆಡುವಂತಾಯಿತು. ಒಮ್ಮೆ ಎಲ್ಲರೂ ಹಳಿದ ಆಟವು ಹೀಗೆ ವರ್ಷಗಳ ದುಡಿಮೆಯಿಂದ ಮನ್ನಣೆಯನ್ನು ಸಂಪಾದಿಸಿತು. ಮಾತಿನಿಂದ ಕಳೆದುಕೊಂಡದ್ದನ್ನು ಕೆಲಸದಿಂದ ಮರಳಿ ಪಡೆಯಬಹುದೆಂಬುದಕ್ಕೆ ಇದು ಸಾಕ್ಷಿ. ಅದೇ ಕೆಲಸವನ್ನು ಮೊದಲು ಮಾಡಿ ಮಾತನ್ನು ಆಮೇಲೆ ಆಡಿದ್ದರೆ ಇಷ್ಟು ಸಂಕಟವೇ ಇರುತ್ತಿರಲಿಲ್ಲವೆಂಬುದಕ್ಕೂ ಇದೇ ಸಾಕ್ಷಿ.

ಇಷ್ಟಾದ ಮೇಲಾದರೂ ಲೋಕವು ಪಾಠ ಕಲಿಯಿತೋ ಎಂದರೆ ಹಾಗೆ ತೋರುವುದಿಲ್ಲ. ಅಮೆರಿಕದ ಬೆಥೆಸ್ಡಾ ಸಂಸ್ಥೆಯು ‘ಸ್ಟಾರ್‌ಫೀಲ್ಡ್’ ಎಂಬ ಆಟವನ್ನು 2018ರಲ್ಲಿ ಪ್ರಕಟಿಸಿತು; 2022ರ ನವೆಂಬರಿಗೆ ಗೊತ್ತಾಗಿದ್ದ ಬಿಡುಗಡೆಯು ಮುಂದಕ್ಕೆ ಹೋಗಿ 2023ರ ಸೆಪ್ಟೆಂಬರಿನಲ್ಲಿ ನಡೆಯಿತು. ಸಾವಿರಕ್ಕೂ ಹೆಚ್ಚು ಗ್ರಹಗಳಿವೆಯೆಂಬ ಮಾತೇ ಎಲ್ಲರ ಕಿವಿಯಲ್ಲಿ ನಿಂತಿತು. ಅಂತರಿಕ್ಷದಿಂದ ಗ್ರಹದ ನೆಲಕ್ಕೆ ಆಟಗಾರನು ತಾನೇ ತಡೆಯಿಲ್ಲದೆ ಹಾರಿ ಇಳಿಯುವಂತಿಲ್ಲವೆಂದು ನಿರ್ಮಾಪಕರು 2022ರಲ್ಲಿಯೇ ಸ್ಪಷ್ಟವಾಗಿ ತಿಳಿಸಿದ್ದರು. ಆ ಮಾತು ಅನೇಕರ ಕಿವಿಗೆ ಬೀಳಲಿಲ್ಲ. ಆಟವು ಬಂದ ಮೇಲೆ ಅದನ್ನೇ ದೊಡ್ಡ ದೂರನ್ನಾಗಿ ಎತ್ತಿದರು. ಇನ್ನು ‘ಸ್ಟಾರ್ ಸಿಟಿಜನ್’ ಎಂಬ ಆಟದ ಕಥೆಯೇ ಬೇರೆ. ಅದರ ನಿರ್ಮಾಪಕರು 2012ರಲ್ಲಿ ಸಾರ್ವಜನಿಕರಿಂದ ಹಣವನ್ನು ಎತ್ತತೊಡಗಿ, 2014ರಲ್ಲಿ ಆಟವನ್ನು ಕೊಡುವ ಅಂದಾಜನ್ನು ತಿಳಿಸಿದ್ದರು. 2024ನೆಯ ಇಸವಿಯಲ್ಲಿ ಕೂಡಿದ ಹಣವು 70 ಕೋಟಿ ಡಾಲರುಗಳನ್ನು ದಾಟಿತು. ಹಣ ಕೊಟ್ಟವರು ಆಡಿ ನೋಡಲು ಅದರ ಅಪೂರ್ಣರೂಪವು ದೊರೆಯುತ್ತಿತ್ತು. ಆ ವರ್ಷವು ಮುಗಿದಾಗಲೂ ಪೂರ್ಣವಾದ ಆಟವು ಬಂದಿರಲಿಲ್ಲ.

ಇವೆಲ್ಲವೂ ದೂರದೇಶದ ಮಾತಾಯಿತು. ನಿಜವಾದ ಆಕಾಶಯಾನವು ನಡೆಯುವ ಊರು ನಮಗೆ ಹತ್ತಿರದಲ್ಲಿಯೇ ಇದೆ. ನಿರೀಕ್ಷೆಯನ್ನು ಅಳೆಯುವ ಪಾಠವನ್ನು ಅಲ್ಲಿಂದಲೇ ಕಲಿಯಬಹುದು. ಬೆಂಗಳೂರಿಗೆ ಸುಮಾರು 40 ಕಿಲೋಮೀಟರು ದೂರದ ಬ್ಯಾಲಾಳು ಗ್ರಾಮದಲ್ಲಿ ಇಸ್ರೋ ಸಂಸ್ಥೆಯವರ ದೊಡ್ಡ ಆಂಟೆನಾಗಳಿವೆ; ಅವುಗಳಲ್ಲಿ ಒಂದರ ಅಡ್ಡಳತೆ 32 ಮೀಟರು. ಚಂದ್ರನ ಬಳಿಯಿಂದ ಬರುವ ಸಂಕೇತಗಳನ್ನು ಹಿಡಿಯುವುದು ಅವುಗಳ ಕೆಲಸ. 2019ನೆಯ ಇಸವಿ ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರು ಚಂದ್ರನ ಮೇಲೆ ಇಳಿಯಬೇಕಾಗಿತ್ತು. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದಲ್ಲಿ ದೇಶದ ಪ್ರಧಾನಮಂತ್ರಿಗಳೂ, ರಸಪ್ರಶ್ನೆಯಲ್ಲಿ ಗೆದ್ದು ನಾನಾ ಪ್ರಾಂತಗಳಿಂದ ಬಂದ ಶಾಲೆಯ ಮಕ್ಕಳೂ ಕಾದು ಕುಳಿತಿದ್ದರು. ನೆಲವು ಇನ್ನು 2.1 ಕಿಲೋಮೀಟರು ದೂರವಿರುವಾಗ ಸಂಕೇತವು ಕಡಿದುಹೋಯಿತು. ದೇಶವೆಲ್ಲಾ ಹಬ್ಬದ ಅಡಿಗೆ ಮಾಡಿಟ್ಟುಕೊಂಡಂತೆ ಕಾದಿತ್ತು, ಹಬ್ಬವು ಬರಲಿಲ್ಲ. ಇಸ್ರೋ ಅಧ್ಯಕ್ಷರಾಗಿದ್ದ ಕೆ. ಶಿವನ್ ಅವರು ಕಣ್ಣೀರಿಟ್ಟುದನ್ನು ಎಲ್ಲರೂ ಕಂಡರು.

ಇಳಿಯುವ ಕೊನೆಯ 15 ನಿಮಿಷಗಳು ಭಯಂಕರವಾದವೆಂದು ಆ ಅಧ್ಯಕ್ಷರು ಮುಂಚೆಯೇ ಹೇಳಿದ್ದರು. ನಮ್ಮ ಜನರು ಆ ಮಾತನ್ನು ಕೇಳಿದ್ದರೂ ಅದರ ಅರ್ಥವನ್ನು ಮನಸ್ಸಿಗೆ ತಂದುಕೊಂಡಿರಲಿಲ್ಲ. ಸೋತಿತೆಂದು ಸುದ್ದಿ ಹರಡಿದಾಗ, ಅದೇ ಯಾತ್ರೆಯ ಪರಿಭ್ರಮಣ ನೌಕೆಯು ತನ್ನ 8 ಉಪಕರಣಗಳೊಂದಿಗೆ ಚಂದ್ರನನ್ನು ಕ್ಷೇಮವಾಗಿ ಸುತ್ತುತ್ತಿದ್ದುದನ್ನು ನೆನೆದವರೂ ಕಡಿಮೆ. ಅತಿಯಾದ ನಿರೀಕ್ಷೆಯ ಕೆಡುಕು ಇದೇ. ಅದು ದೊರೆಯದ್ದಕ್ಕಾಗಿ ಅಳಿಸುವುದಲ್ಲದೆ ದೊರೆತದ್ದನ್ನೂ ಕಾಣಗೊಡುವುದಿಲ್ಲ.

ವಿಜ್ಞಾನಿಗಳು ಆ ಸೋಲನ್ನು ಹೇಗೆ ಓದಿದರೆಂಬುದನ್ನು ನೋಡಿರಿ. ಎಲ್ಲವೂ ಸರಿಯಾಗಿ ನಡೆದರೆ ಹೇಗೆ ಗೆಲ್ಲಬೇಕು ಎಂಬುದಕ್ಕೆ ಬದಲಾಗಿ, ಏನೇನು ಕೆಡಬಹುದು, ಕೆಟ್ಟರೂ ಹೇಗೆ ಇಳಿಯಬೇಕು ಎಂಬ ಪ್ರಶ್ನೆಯಿಂದ ಚಂದ್ರಯಾನ-3ನ್ನು ರಚಿಸಿದೆವೆಂದು ಮುಂದಿನ ಅಧ್ಯಕ್ಷರಾದ ಎಸ್. ಸೋಮನಾಥ್ ಅವರು ತಿಳಿಸಿದರು. ಮೊದಲು ಇಳಿಯುವುದಕ್ಕೆ 500 ಮೀಟರು ಉದ್ದಗಲದ ಜಾಗವನ್ನು ಗುರುತಿಟ್ಟಿದ್ದರೆ, ಈ ಸಲ 4 ಕಿಲೋಮೀಟರು ಉದ್ದ 2.4 ಕಿಲೋಮೀಟರು ಅಗಲದ ಜಾಗವನ್ನು ಗೊತ್ತುಮಾಡಿದರು. ಕಾಲುಗಳನ್ನು ಬಲಪಡಿಸಿದರು, ಸೆಕೆಂಡಿಗೆ 2 ಮೀಟರಿನ ಬದಲು 3 ಮೀಟರು ವೇಗದಲ್ಲಿ ನೆಲ ಮುಟ್ಟಿದರೂ ತಾಳಿಕೊಳ್ಳುವಂತೆ ಮಾಡಿದರು, ಇಂಧನವನ್ನು ಹೆಚ್ಚಾಗಿ ತುಂಬಿದರು. 2023ನೆಯ ಇಸವಿ ಆಗಸ್ಟ್ 23ರ ಸಾಯಂಕಾಲ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ದಕ್ಷಿಣಧ್ರುವದ ಕಡೆಯ ನೆಲವನ್ನು ಮುಟ್ಟಿತು. ಅಷ್ಟರಲ್ಲಿಯೂ ಅವರು ಮಾತಿನಲ್ಲಿ ಮಿತಿಯನ್ನು ಮೀರಲಿಲ್ಲ. ಈ ಯಂತ್ರಗಳ ಆಯುಸ್ಸು ಚಂದ್ರನ ಒಂದು ಹಗಲು, ಎಂದರೆ ನಮ್ಮ 14 ದಿನಗಳು ಎಂದು ಮೊದಲೇ ತಿಳಿಸಿದ್ದರು. ಆ ಹಗಲು ಕಳೆದ ಮೇಲೆ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಅವುಗಳನ್ನು ಎಬ್ಬಿಸಲು ಮಾಡಿದ ಪ್ರಯತ್ನವು ಫಲಿಸಲಿಲ್ಲ. ಯಾರೂ ಅದನ್ನು ಮೋಸವೆನ್ನಲಿಲ್ಲ. ಯಾತಕ್ಕಂದರೆ ಕೊಟ್ಟ ಮಾತು 14 ದಿನಗಳದ್ದು. ಆ ಮಾತು ಪೂರ್ತಿಯಾಗಿ ನಡೆದಿತ್ತು.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾವು ಎದುರಿಸಬೇಕು. ಮಕ್ಕಳ ಹಂಬಲವನ್ನು ಹೀಗೆ ತೂಗಿ ಅಳೆದರೆ ಅವರ ಉತ್ಸಾಹವೇ ಬತ್ತಿಹೋಗದೇ? ಆಕಾಶವನ್ನು ಕಂಡು ಹಿಗ್ಗದ ಮಗುವು ಮುಂದೆ ಆಕಾಶಕ್ಕೆ ನೌಕೆಯನ್ನು ಕಳುಹಿಸೀತೇ? ಈ ಆಕ್ಷೇಪಣೆಯಲ್ಲಿ ಸತ್ಯವುಂಟು. ಅದಕ್ಕೆ ಉತ್ತರವು ನಮ್ಮ ಊರಿನ ರೇಷ್ಮೆಯ ಮನೆಗಳಲ್ಲಿಯೇ ಇದೆ. ಹುಳು ಗೂಡು ಕಟ್ಟುವುದೆಂಬ ನಂಬಿಕೆಯಿಲ್ಲದಿದ್ದರೆ ಯಾವ ತಾಯಿಯೂ ರಾತ್ರಿಯಲ್ಲಿ ಎದ್ದು ಹಿಪ್ಪುನೇರಳೆ ಸೊಪ್ಪನ್ನು ಹಾಕಲಾರಳು. ಆದರೆ ಹುಳು ಎರಡನೆಯ ಜ್ವರದಲ್ಲಿರುವಾಗಲೇ ರಾಮನಗರದ ಮಾರುಕಟ್ಟೆಯಲ್ಲಿ ಗೂಡಿಗೆ ಬರುವ ಬೆಲೆಯನ್ನು ಎಣಿಸಿ, ಅದನ್ನು ನಂಬಿ ಸಾಲ ಮಾಡುವವನನ್ನು ಜಾಣನೆಂದು ಯಾರೂ ಹೇಳರು. ನಾಲ್ಕು ಜ್ವರಗಳು ಕಳೆಯಬೇಕು, ಹುಳು ಹಣ್ಣಾಗಬೇಕು, ಚಂದ್ರಿಕೆಗೆ ಏರಬೇಕು, ಗೂಡು ಬಿಡಿಸಬೇಕು. ಬೆಲೆಯ ಮಾತು ಆಮೇಲೆ. ಸೊಪ್ಪು ಹಾಕಿಸುವ ನಂಬಿಕೆಯೇ ಬೇರೆ, ಸಾಲ ಮಾಡಿಸುವ ಅಬ್ಬರವೇ ಬೇರೆ. ಮೊದಲನೆಯದು ಕೈಗೆ ಕೆಲಸ ಕೊಡುವುದು. ಎರಡನೆಯದು ಬಾಯಿಗೆ ಮಾತ್ರ ಕೆಲಸ ಕೊಡುವುದು. ಆಕಾಶದ ಆಟವನ್ನು ಕಾಯುತ್ತಿರುವ ಹುಡುಗಿಯು ಅದೇ ಹಂಬಲದಿಂದ ನಕ್ಷತ್ರಗಳ ಹೆಸರನ್ನು ಕಲಿತರೆ, ಚಂದ್ರಯಾನದ ಲೆಕ್ಕವನ್ನು ಬಿಡಿಸಿದರೆ, ಗಣಕಯಂತ್ರದ ಸೂತ್ರವನ್ನು ತಾನೇ ಬರೆಯಲು ಯತ್ನಿಸಿದರೆ, ಆಟವು ಹೇಗಾದರೂ ಬರಲಿ, ಅವಳು ಕಾದ ದಿನಗಳು ವ್ಯರ್ಥವಾಗುವುದಿಲ್ಲ.

ಆದಕಾರಣ ಪೋಷಕರಿಗೆ ನಾವು ಕೆಲವು ಸೂಚನೆಗಳನ್ನು ಮಾಡಬಯಸುತ್ತೇವೆ. ಮಗಳು ಬರಲಿರುವ ಆಟವನ್ನು ಕುರಿತು ಹೇಳಿದಾಗ ಗದರಿಸಬೇಡಿರಿ, ಕುಳಿತು ಕೇಳಿರಿ. ಕೇಳಿದ ಮೇಲೆ, ಇದನ್ನು ಹೇಳಿದವರು ಯಾರಮ್ಮಾ ಎಂದು ವಿಚಾರಿಸಿರಿ. ನಿರ್ಮಾಪಕರೇ ಹೇಳಿದ್ದು ಯಾವುದು, ಇತರರು ಊಹಿಸಿದ್ದು ಯಾವುದು, ತನ್ನ ಸ್ವಂತ ಆಸೆ ಯಾವುದು, ಈ ಮೂರನ್ನು ಒಂದು ಹಾಳೆಯಲ್ಲಿ ಬೇರೆ ಬೇರೆಯಾಗಿ ಬರೆಯುವಂತೆ ಹೇಳಿರಿ. ಆಟವು ಬಂದು ಒಂದು ತಿಂಗಳಾದ ಮೇಲೆ ಆ ಹಾಳೆಯನ್ನು ತೆಗೆದು ಓದಲಿ. ಯಾರ ಮಾತನ್ನು ಎಷ್ಟು ನಂಬಬಹುದೆಂಬ ವಿವೇಕವು ನೂರು ಉಪದೇಶಗಳಿಂದ ಬಾರದಿದ್ದರೂ ಈ ಒಂದು ಹಾಳೆಯಿಂದ ಬರುವುದು. ಮುಂದೆ ಸಾಲ ಕೊಡುವವರು, ಕೆಲಸ ಕೊಡಿಸುವೆವೆನ್ನುವವರು, ವರನ ಕಡೆಯವರು ಬಂದು ಸಿಹಿಮಾತನ್ನಾಡುವಾಗ ಅದೇ ವಿವೇಕವು ಅವಳನ್ನು ಕಾಪಾಡುವುದು.

ಎರಡನೆಯದಾಗಿ, ಆಟವು ಬರುವ ಮುಂಚೆ ಹಣವನ್ನು ಕೊಡಬೇಡಿರಿ. ಚನ್ನಪಟ್ಟಣದ ಬೊಂಬೆಯನ್ನು ಕೊಳ್ಳುವಾಗ ನಾವು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಅರಗಿನ ಬಣ್ಣವು ಸಮನಾಗಿ ಕೂತಿದೆಯೋ ಎಂದು ನೋಡುತ್ತೇವೆ. ರೇಷ್ಮೆಗೂಡನ್ನು ಕೊಳ್ಳುವವನು ಗೂಡನ್ನು ಅದುಮಿ ನೋಡದೆ ಬೆಲೆ ಕೂಗುವುದಿಲ್ಲ. ಹಲವು ಸಾವಿರ ರೂಪಾಯಿಗಳ ಆಟಕ್ಕೆ ಮಾತ್ರ ಕಣ್ಣು ಮುಚ್ಚಿ ಮುಂಗಡ ಕೊಡುವುದು ಯಾವ ನ್ಯಾಯ? ಮುಂಗಡ ಕೊಡದಿದ್ದರೆ ಆಟವು ಮುಗಿದುಹೋಗುವುದೆಂಬ ಭಯಕ್ಕೂ ಆಧಾರವಿಲ್ಲ. ಅಂತರಜಾಲದ ಮೂಲಕ ಬರುವ ಆಟವು ಸಂತೆಯ ಸರಕಿನಂತೆ ಸಾಯಂಕಾಲಕ್ಕೆ ಖಾಲಿಯಾಗತಕ್ಕದ್ದಲ್ಲ. ಒಂದು ತಿಂಗಳು ತಡೆದರೆ ಆಡಿದವರ ಅನುಭವವೂ ತಿಳಿಯುವುದು, ಮೊದಲ ದಿನಗಳ ಕೊರತೆಗಳೂ ತಿದ್ದಲ್ಪಡುವುವು. ಕೆಲವು ಸಲ ಬೆಲೆಯೂ ಇಳಿಯುವುದು. ಅಳುವ ಮಗುವನ್ನು ಸುಮ್ಮನಾಗಿಸುವುದಕ್ಕಾಗಿ, ಬಂದ ದಿನವೇ ಕೊಡಿಸುತ್ತೇನೆಂದು ಮಾತು ಕೊಟ್ಟು ಮರೆಯುವ ತಂದೆ ತಾಯಿಗಳಿಗೂ ಒಂದು ಬಿನ್ನಹ. ಜಾಹೀರಾತುಗಾರನನ್ನು ಬೈಯುವ ಮುನ್ನ ನಮ್ಮ ಮನೆಯೊಳಗಿನ ಜಾಹೀರಾತನ್ನು ನಿಲ್ಲಿಸೋಣ.

ಮೂರನೆಯದು ನಿರಾಶೆಯ ದಿನದ ನಡತೆ. ಆಟವು ಚೆನ್ನಾಗಿಲ್ಲವೆಂದು ಹೇಳುವ ಹಕ್ಕು ಹಣ ಕೊಟ್ಟವರೆಲ್ಲರಿಗೂ ಉಂಟು. ಯಾವುದು ಚೆನ್ನಾಗಿಲ್ಲ, ಯಾತಕ್ಕೆ ಚೆನ್ನಾಗಿಲ್ಲ ಎಂದು ಸರಿಯಾಗಿ ಹೇಳುವುದು ಒಂದು ವಿದ್ಯೆಯೇ ಸರಿ. ಆದರೆ ಕಾಣದ ಮನುಷ್ಯನಿಗೆ ಸಾವಿನ ಬೆದರಿಕೆಯನ್ನು ಬರೆಯುವ ಕೈಯು ಹದಿನಾಲ್ಕು ವರ್ಷದ ಮಗುವಿನದಾಗಿದ್ದರೂ ಅದು ಆಟವಲ್ಲ. ಹೆಸರನ್ನು ಮರೆಸಿಕೊಂಡು ಬರೆದರೂ ಬರೆದವರ ನಡತೆಯು ಮರೆಯಾಗುವುದಿಲ್ಲವೆಂದು ನಮ್ಮ ಹುಡುಗಿಯರಿಗೆ ನಾವು ಎಡೆಬಿಡದೆ ಹೇಳುತ್ತಿರುವೆವು. ಮನೆಯಲ್ಲಿಯೂ ಇದನ್ನು ಹೇಳಬೇಕು.

ಕಡೆಯದಾಗಿ ಹೇಳತಕ್ಕ ಮಾತೊಂದುಂಟು. ಇಷ್ಟೆಲ್ಲವನ್ನು ಬರೆಯಲು ಅದೇ ಮುಖ್ಯ ಕಾರಣ. ಆಟಗಳ ವಿಷಯದಲ್ಲಿ ಮಕ್ಕಳಿಗೆ ಬುದ್ಧಿ ಹೇಳುವ ನಾವು ಹಿರಿಯರು ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಮಾಡುತ್ತಿರುವುದು ಏನು? ಹತ್ತನೆಯ ತರಗತಿಯ ಪರೀಕ್ಷೆಗೆ ಇನ್ನೂ ಎಂಟು ತಿಂಗಳಿರುವಾಗಲೇ, ನಮ್ಮ ಹುಡುಗಿ ತಾಲ್ಲೂಕಿಗೆ ಮೊದಲಿಗಳಾಗುತ್ತಾಳೆಂದು ನೆಂಟರಿಷ್ಟರಿಗೆಲ್ಲ ಸಾರುವವರಿದ್ದಾರೆ. ಡಾಕ್ಟರಾಗುವಳೆಂದು ಊರಿಗೆ ಹೇಳಿದ್ದೇವೆ, ಮಾನ ಉಳಿಸೆಂದು ಮಗುವಿಗೆ ಹೇಳುವವರಿದ್ದಾರೆ. ಹುಡುಗಿಯು ತಾನು ಕೊಡದ ಮಾತಿಗೆ ತಾನು ಹೊಣೆಯಾಗುತ್ತಾಳೆ. ಆಟದ ಕಂಪನಿಯವರು ಬಿಡುಗಡೆಯ ದಿನವನ್ನು ಮುಂದಕ್ಕೆ ಹಾಕಬಲ್ಲರು. ಅವಳಿಗೆ ಆ ಸ್ವಾತಂತ್ರ್ಯವಿಲ್ಲ. ಅಂಕಗಳು ಕಡಿಮೆಯಾದ ದಿನ, ಓದಿಸಿದ್ದು ಸಾಕೆಂದು ಮದುವೆಯ ಮಾತನ್ನು ಎತ್ತುವ ಮನೆಗಳು ನಮ್ಮ ಸೀಮೆಯಲ್ಲಿ ಈಗಲೂ ಉಂಟು. ನಿರೀಕ್ಷೆಯು ಸುಳ್ಳಾದರೆ ಆಟಕ್ಕೆ ಬೈಗುಳವು ಬರುತ್ತದೆ. ಹುಡುಗಿಗೆ ಶಾಲೆಯ ಬಾಗಿಲೇ ಮುಚ್ಚಿಹೋಗುತ್ತದೆ.

ಹೆಲೋ ಗೇಮ್ಸ್‌ನವರಿಗೆ ತಿದ್ದಿಕೊಳ್ಳಲು ವರ್ಷಗಳು ದೊರೆತವು. ವಿಕ್ರಮ್‌ಗೆ ನಾಲ್ಕು ವರ್ಷಗಳ ತರುವಾಯ ಎರಡನೆಯ ಅವಕಾಶವು ದೊರೆಯಿತು. 2024ರಲ್ಲಿ ನಮ್ಮ ರಾಜ್ಯದ ಪರೀಕ್ಷಾ ಮಂಡಲಿಯು ಹತ್ತನೆಯ ತರಗತಿಯವರಿಗೆ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ ಬರೆಯುವ ಅವಕಾಶವನ್ನು ಕಲ್ಪಿಸಿತು. ಸರ್ಕಾರವೇ ಎರಡನೆಯ, ಮೂರನೆಯ ಸಲಕ್ಕೆ ಎಡೆಕೊಟ್ಟಿರುವಾಗ ಮನೆಯವರು ಮೊದಲನೆಯ ಸಲಕ್ಕೇ ಲೆಕ್ಕವನ್ನು ಮುಗಿಸುವುದು ತರವೇ? ಚಂದ್ರಯಾನವನ್ನು ಮತ್ತೆ ರಚಿಸಿದವರಂತೆ ನಾವೂ ಯೋಚಿಸೋಣ. ಮಗಳು ಗೆದ್ದರೆ ಏನು ಹಂಚಬೇಕೆಂದು ಯೋಚಿಸುವುದರ ಜೊತೆಗೆ, ಈ ಸಲ ಆಗದಿದ್ದರೆ ಅವಳು ಎಲ್ಲಿ ಕಾಲೂರಬೇಕು, ಆ ಜಾಗವನ್ನು ಎಷ್ಟು ಅಗಲ ಮಾಡಿಡಬೇಕು ಎಂದೂ ಯೋಚಿಸೋಣ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದೀರಿ. ಕೆಲವರು ಉಪಾಧ್ಯಾಯಿನಿಯರೂ ದಾದಿಯರೂ ಆಗಿದ್ದೀರಿ. ಈ ಶಾಲೆಯನ್ನು ಸೇರುವಾಗ ನಿಮ್ಮಲ್ಲಿ ಯಾರು ಏನಾಗುವಿರೆಂದು ಯಾರಿಗೂ ತಿಳಿದಿರಲಿಲ್ಲ. ದಿನದಿನದ ಪಾಠವನ್ನು ದಿನದಿನವೂ ಮಾಡಿದಿರಿ. ಆಮೇಲೆ ಲೋಕವು ನಿಮ್ಮನ್ನು ಕಂಡಿತು. ನಿಮ್ಮ ಹೆಣ್ಣುಮಕ್ಕಳಿಗೂ ಆ ನೆಮ್ಮದಿಯ ಹಗಲುಗಳನ್ನು ಉಳಿಸಿಕೊಡಿರಿ. ಅವರು ಆಕಾಶವನ್ನು ನೋಡಲಿ, ಆಕಾಶದ ಆಟವನ್ನೂ ಆಡಲಿ, ಮುಂದೆ ಅಂಥ ಆಟವನ್ನೋ ಆಕಾಶಕ್ಕೆ ಹಾರುವ ನೌಕೆಯನ್ನೋ ತಾವೇ ಕಟ್ಟಲಿ. ಕಟ್ಟುವವರೆಗೆ ಊರಿಗೆ ಸಾರದಿರೋಣ. ಕಟ್ಟುವಾಗ ಅವರ ಬಳಿಯಲ್ಲಿರೋಣ.